ಮಗುವಿನ ಫೋಟೋ ತೋರಿಸಿದ್ರಿ, ಲೆಕ್ಕ ಯಾವಾಗ ತೋರಿಸ್ತೀರಿ?

ಮೂರು ತಿಂಗಳಿಂದ ನಮ್ಮ ತಾಲೂಕಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಸುತ್ತುತ್ತಿದೆ. ನೀವೂ ನೋಡಿರುತ್ತೀರಿ. ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿರುವ ನಾಲ್ಕು ವರ್ಷದ ಹೆಣ್ಣುಮಗು, ಪಕ್ಕದಲ್ಲಿ ಕೈಮುಗಿದು ಕೂತ ತಾಯಿ. ಮೇಲೆ ಕೆಂಪು ಅಕ್ಷರದಲ್ಲಿ, ಹೃದಯದಲ್ಲಿ ರಂಧ್ರ, ಆಪರೇಷನ್‌ಗೆ 9 ಲಕ್ಷ ಬೇಕು, ಇನ್ನು 48 ಗಂಟೆ ಮಾತ್ರ ಬಾಕಿ. ಕೆಳಗೆ ಒಂದು ಕ್ಯೂಆರ್ ಕೋಡ್, ಒಂದು ಮೊಬೈಲ್ ನಂಬರ್. ಕೊನೆಗೆ ಈ ಸಾಲು: ಕೊಡಲು ಆಗದಿದ್ದರೆ ಐದು ಗ್ರೂಪಿಗಾದರೂ ಶೇರ್ ಮಾಡಿ, ಮನುಷ್ಯತ್ವ ಇದ್ದರೆ.

ಮೂರು ತಿಂಗಳಾದರೂ ಆ 48 ಗಂಟೆ ಮುಗಿದಿಲ್ಲ.

ಮಗುವಿನ ಹೆಸರು, ಊರು ನಾವು ಬರೆಯುವುದಿಲ್ಲ. ಆ ಮುಖ ಈಗಾಗಲೇ ಬೇಕಾದಷ್ಟು ಫೋನು ಸುತ್ತಿ ಬಂದಿದೆ. ಪೋಸ್ಟರ್ ಮಾಡಿದವರ ಹೆಸರನ್ನೂ ಇವತ್ತು ಬರೆಯುವುದಿಲ್ಲ, ಅವರಿಗೆ ಉತ್ತರ ಕೊಡಲು ಅವಕಾಶ ಇರಲಿ. ಆದರೆ ಪ್ರಶ್ನೆಯನ್ನು ಮಾತ್ರ ಎಲ್ಲರೆದುರು ಕೇಳುತ್ತೇವೆ. ಒಳಗೊಳಗೆ ಫೋನಿನಲ್ಲಿ ಕೇಳಿದ್ದಕ್ಕೆ ಏನು ಸಿಕ್ಕಿತು ಎಂದು ಮುಂದೆ ಹೇಳುತ್ತೇವೆ.

ಮಗು ಸುಳ್ಳಲ್ಲ, ಕಾಯಿಲೆಯೂ ಸುಳ್ಳಲ್ಲ. ನಾವು ಮನೆಗೇ ಹೋಗಿದ್ದೆವು. ಮಗು ಕಟ್ಟೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು. ಎದೆಯ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತು. ಆಪರೇಷನ್ ಆಗಿ ಎರಡು ತಿಂಗಳಾಗಿದೆ. ಅಂದರೆ ಪೋಸ್ಟರ್ ಸುತ್ತಲು ಶುರುವಾದ ಒಂದು ತಿಂಗಳೊಳಗೆ ಆಪರೇಷನ್ ಮುಗಿದಿದೆ. ಅಂಗನವಾಡಿಗೆ ತಪಾಸಣೆಗೆ ಬಂದ ಆರೋಗ್ಯ ತಂಡದವರೇ ಕಾಯಿಲೆ ಗುರುತಿಸಿ, ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟು, ಅಲ್ಲಿಂದ ಬೆಂಗಳೂರಿಗೆ ಕಳಿಸಿದ್ದಾರೆ. ಆಪರೇಷನ್ ಖರ್ಚು ಸರ್ಕಾರದ ಯೋಜನೆಯಲ್ಲಿ ಹೋಗಿದೆ. ಬಸ್ಸು, ಊಟ, ರೂಮು, ಹೊರಗೆ ತಂದ ಔಷಧಿ, ಕೂಲಿ ಹೋದದ್ದು ಎಲ್ಲ ಸೇರಿ ಸುಮಾರು 35 ಸಾವಿರ ಕೈಯಿಂದ ಆಯಿತು ಎಂದರು ತಂದೆ. ಅವರು ಟ್ರ್ಯಾಕ್ಟರ್ ಓಡಿಸುವವರು. ಪೋಸ್ಟರಿನವರು ಎರಡು ಸಲ ಬಂದು ಹತ್ತತ್ತು ಸಾವಿರ ಕೊಟ್ಟರಂತೆ, ನಗದು. ಕೊಡುವಾಗ ಫೋಟೋ ತೆಗೆದುಕೊಂಡರಂತೆ.

ಪೋಸ್ಟರ್ ಇನ್ನೂ ಓಡುತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ನಮ್ಮ ಫೋನಿನಲ್ಲಿ ತೋರಿಸಿದಾಗ ಸ್ವಲ್ಪ ಹೊತ್ತು ನೋಡಿ, "ಅವರಿಗೆ ಬೈಬೇಡಿ ಸಾರ್, ಕಷ್ಟದಾಗ ಬಂದೋರು ಅವರೇ" ಎಂದರು. ಅದು ಅವರ ದೊಡ್ಡತನ. ಆದರೆ ದುಡ್ಡು ಹಾಕಿದವರು ಅವರಲ್ಲ, ನೀವು.

ಈಗ ಕ್ಯೂಆರ್ ಕೋಡಿಗೆ ಬರೋಣ. ಸ್ಕ್ಯಾನ್ ಮಾಡಿದರೆ ಬರುವ ಹೆಸರು ತಂದೆಯದಲ್ಲ, ತಾಯಿಯದಲ್ಲ, ಆಸ್ಪತ್ರೆಯದಲ್ಲ, ಯಾವ ಸಂಘದ್ದೂ ಅಲ್ಲ. ಒಬ್ಬ ವ್ಯಕ್ತಿಯ ಖಾತೆ. ಬಸ್ ಸ್ಟ್ಯಾಂಡಿನ ಫ್ಲೆಕ್ಸುಗಳಲ್ಲಿ ಸಮಾಜ ಸೇವಕರು ಎಂದು ಇವರ ಫೋಟೋ ಇರುತ್ತದೆ, ಹಬ್ಬಕ್ಕೊಂದು ಶುಭಾಶಯ. ಎಷ್ಟು ಹಣ ಬಂತು ಎಂದು ಅವರಿಗೇ ಫೋನು ಮಾಡಿದೆವು. ಮೊದಲ ಸಲ, ಲೆಕ್ಕ ಬರೀತಾ ಇದ್ದೀವಿ ಎಂದರು. ಎರಡನೇ ಸಲ, ನೀವು ಎಷ್ಟು ಕೊಟ್ಟಿದ್ದೀರಿ ಮೊದಲು ಹೇಳಿ ಎಂದರು. ಮೂರನೇ ಸಲ ಫೋನು ಎತ್ತಲಿಲ್ಲ. ಆ ಸಂಜೆ ನಮ್ಮಲ್ಲಿ ಇಬ್ಬರನ್ನು ನಾಲ್ಕು ಗ್ರೂಪುಗಳಿಂದ ತೆಗೆದು ಹಾಕಲಾಯಿತು.

ತೆಗೆಯುವ ಮುಂಚೆ ಒಂದು ಕೆಲಸ ಮಾಡಿಕೊಂಡಿದ್ದೆವು. ದುಡ್ಡು ಹಾಕಿದವರು ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕುತ್ತಾರಲ್ಲ, ನನ್ನ ಅಳಿಲು ಸೇವೆ ಎಂದು, ಅವನ್ನು ಕೂಡಿಸಿದೆವು. ಎರಡೇ ಗ್ರೂಪುಗಳಲ್ಲಿ 61 ಸಾವಿರದ 300 ರೂಪಾಯಿ. ಸ್ಕ್ರೀನ್‌ಶಾಟ್ ಹಾಕದೆ ಕೊಟ್ಟವರು, ಉಳಿದ ಗ್ರೂಪಿನವರು, ದುಬೈನಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ ದುಡಿಯುವ ನಮ್ಮೂರ ಹುಡುಗರು ಹಾಕಿದ್ದು ಇದರಲ್ಲಿ ಸೇರಿಲ್ಲ. ಮನೆಗೆ ತಲುಪಿದ್ದು 20 ಸಾವಿರ. ಉಳಿದದ್ದು ಎಲ್ಲಿ?

ಇಷ್ಟು ಕೇಳಿದ್ದಕ್ಕೆ ನಮಗೆ ಬಂದ ಬುದ್ಧಿಮಾತುಗಳನ್ನು ಬರೆದರೆ ಒಂದು ಪುಸ್ತಕ ಆಗುತ್ತದೆ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದರು ಒಬ್ಬರು, ಮೇಷ್ಟ್ರು. ಸ್ವಾಮಿ, ಆ ಮಾತು ಕೊಡುವವನಿಗೆ, ಜಂಬ ಪಡಬೇಡ ಅಂತ. ಮಧ್ಯದಲ್ಲಿ ನಿಂತು ಹತ್ತಾರು ಜನರ ಹಣ ಇಸಕೊಂಡವನಿಗೆ ಅಲ್ಲ. ಅವನಿಗೆ ಎರಡು ಕೈಯಷ್ಟೇ ಅಲ್ಲ, ಇಡೀ ಊರಿನ ಕೈ ಲೆಕ್ಕ ಕೇಳಬೇಕು. ದಾನದ ಎಮ್ಮೆಯ ಹಲ್ಲು ಎಣಿಸಬಾರದು ಎಂದರು ಇನ್ನೊಬ್ಬರು. ಅದು ಪಡೆದವನಿಗೆ ಹೇಳಿದ ಮಾತು. ನಾವು ಎಮ್ಮೆ ಪಡೆದಿಲ್ಲ, ಕೊಟ್ಟಿದ್ದೇವೆ. ಅದು ಯಾರ ಕೊಟ್ಟಿಗೆಯಲ್ಲಿ ಕಟ್ಟಿದೆ ಎಂದಷ್ಟೇ ಕೇಳುತ್ತಿದ್ದೇವೆ.

ಓಡಾಡಿದ್ದಾರೆ, ಸ್ವಲ್ಪ ಪೆಟ್ರೋಲ್ ಖರ್ಚು ತಗೊಂಡರೆ ಏನಾಯ್ತು ಎಂಬ ಮಾತೂ ಬಂತು. ಏನೂ ಆಗಲಿಲ್ಲ. ಪೆಟ್ರೋಲಿಗೆ ಇಷ್ಟು, ಪೋಸ್ಟರ್ ಮಾಡಿಸಿದ್ದಕ್ಕೆ ಇಷ್ಟು ಎಂದು ಬರೆದು ಹಾಕಲಿ, ನಮ್ಮದು ತಕರಾರಿಲ್ಲ.

ನಮ್ಮ ಹಳ್ಳಿಗಳಿಗೆ ಲೆಕ್ಕ ಗೊತ್ತಿಲ್ಲವೇ? ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವನನ್ನು ನೋಡಿ. ಚಪ್ಪರದ ಬಾಗಿಲಲ್ಲಿ ಟೇಬಲ್ಲು, ನೂರು ಪುಟದ ನೋಟ್ ಬುಕ್ಕು, ಪಕ್ಕದಲ್ಲಿ ಎಣಿಸುವವನೊಬ್ಬ, ಬರೆಯುವವನೊಬ್ಬ. ಇಂಥ ಊರಿನ ಇಂಥವರು 101, ಒಂದು ಸ್ಟೀಲ್ ಡಬರಿ. ಹದಿನೈದು ವರ್ಷ ಆದಮೇಲೂ ಆ ಬುಕ್ಕು ಟ್ರಂಕಿನಲ್ಲಿ ಇರುತ್ತದೆ, ಅವರ ಮನೆ ಮದುವೆಗೆ ಹೋಗುವ ಮುಂಚೆ ತೆಗೆದು ನೋಡುತ್ತಾರೆ. ಗಣಪತಿ ಚಂದಾ ಎತ್ತುವ ಹುಡುಗರು ರಸೀದಿ ಪುಸ್ತಕ ಇಲ್ಲದೆ ಬಂದರೆ ಅಜ್ಜಿಯರು ಬಾಗಿಲಲ್ಲೇ ಮಂಗಳಾರತಿ ಮಾಡಿ ಕಳಿಸುತ್ತಾರೆ. ಜಾತ್ರೆ ಮುಗಿದ ಮೇಲೆ ದೇವಸ್ಥಾನದ ಗೋಡೆಗೆ ಜಮಾ ಖರ್ಚು ಅಂಟಿಸದಿದ್ದರೆ ಮುಂದಿನ ವರ್ಷ ತೇರು ಎಳೆಯುವಾಗ ಜಗಳ. ಡೈರಿಗೆ ಹಾಲು ಹಾಕಿದರೆ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಕಾಗದ ಬೇಕು. ಸ್ತ್ರೀಶಕ್ತಿ ಸಂಘದಲ್ಲಿ ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಉಳಿತಾಯ ಕಟ್ಟುವ ಹೆಂಗಸರು ತಿಂಗಳಿಗೊಮ್ಮೆ ಪುಸ್ತಕ ಓದಿಸಿ ಕೇಳುತ್ತಾರೆ. ಅವರಲ್ಲಿ ಕೆಲವರಿಗೆ ಸಹಿ ಮಾತ್ರ ಬರುವುದು.

ಇಷ್ಟೆಲ್ಲ ಗಟ್ಟಿ ಇರುವ ಊರು, ಅದೇ ಕೈಯಲ್ಲಿ ಫೋನು ಹಿಡಿದ ಕೂಡಲೇ ಮೆತ್ತಗಾಗುತ್ತದೆ. ಯಾಕೆ? ಚಂದಾ ಕೇಳುವವನು ಬಾಗಿಲಿಗೆ ಬಂದರೆ ಅವನು ಯಾರ ಮಗ ಎಂದು ನಮಗೆ ಗೊತ್ತು. ಪೋಸ್ಟರ್ ಮಾತ್ರ ನಮ್ಮ ಅಣ್ಣನಿಂದ, ಮಾವನಿಂದ, ಗೆಳೆಯನಿಂದ ಬರುತ್ತದೆ. ಕಳಿಸಿದವನು ಗೊತ್ತಿರುವುದರಿಂದ ಕೇಳಿದವನೂ ಗೊತ್ತು ಎಂದುಕೊಳ್ಳುತ್ತೇವೆ. ಅಣ್ಣನಿಗೆ ಅದು ಎಲ್ಲಿಂದ ಬಂತು ಎಂದು ಅಣ್ಣನಿಗೇ ಗೊತ್ತಿಲ್ಲ. ಮೇಲೆ 48 ಗಂಟೆ ಎಂಬ ಗಡುವು, ಮನುಷ್ಯತ್ವ ಇದ್ದರೆ ಎಂಬ ಚುಚ್ಚು. ಯೋಚನೆ ಮಾಡಲು ಟೈಮೇ ಕೊಡಬಾರದು ಎಂದೇ ಅವನ್ನು ಹಾಕುವುದು.

ಇದು ನಮ್ಮ ತಾಲೂಕಿನ ಕಥೆ ಮಾತ್ರ ಅಲ್ಲ. 2020ರ ಮಾರ್ಚಿನಲ್ಲಿ ಪ್ರಧಾನಿಯವರು ಕೊರೊನಾ ನಿಧಿ ಘೋಷಿಸಿದರಲ್ಲ, ಪಿಎಂ ಕೇರ್ಸ್. ಅದರ ಯುಪಿಐ ವಿಳಾಸ ಹೊರಬಿದ್ದ ಕೂಡಲೇ ಅದನ್ನೇ ಹೋಲುವ ಇನ್ನೊಂದು ವಿಳಾಸ ಸುತ್ತಾಡಿತು. ವ್ಯತ್ಯಾಸ ಒಂದೇ ಅಕ್ಷರ. ಅಸಲಿಯಲ್ಲಿ ಕೇರ್ಸ್, ನಕಲಿಯಲ್ಲಿ ಕೇರ್. ದೆಹಲಿ ಪೊಲೀಸರ ಸೈಬರ್ ವಿಭಾಗ ಜನರನ್ನು ಎಚ್ಚರಿಸಿ ಅದನ್ನು ಮುಚ್ಚಿಸಿತು. ದೇಶದ ಪ್ರಧಾನಿ ಹೆಸರಿನ ನಿಧಿಗೇ ಹೀಗಾದರೆ, ನಮ್ಮ ಟ್ರ್ಯಾಕ್ಟರ್ ಡ್ರೈವರ್ ಮಗುವಿನ ಹೆಸರಿನಲ್ಲಿ ಏನು ಬೇಕಾದರೂ ಆಗಬಹುದು.

ಪಕ್ಕದ ಕೇರಳದಲ್ಲಿ ಇದು ನಮಗಿಂತ ಮುಂಚೆ, ನಮಗಿಂತ ದೊಡ್ಡದಾಗಿ ನಡೆದಿದೆ. ಅಲ್ಲಿ ರೋಗಿಗಳ ಪರವಾಗಿ ಫೇಸ್‌ಬುಕ್ ಲೈವ್‌ನಲ್ಲಿ ಹಣ ಎತ್ತುವವರದೇ ಒಂದು ಪಡೆ ಇತ್ತು. 2020ರಲ್ಲಿ ತಾಯಿಯ ಲಿವರ್ ಕಸಿಗೆ ಸಹಾಯ ಕೇಳಿದ ಯುವತಿಯೊಬ್ಬಳಿಗೆ ಒಂದು ಕೋಟಿಗೂ ಹೆಚ್ಚು ಬಂತು. ಆಮೇಲೆ, ಸಹಾಯ ಮಾಡಿದವರೇ ಉಳಿದ ಹಣದ ಮೇಲೆ ಹಿಡಿತ ಕೇಳಿ ಬೆದರಿಸುತ್ತಿದ್ದಾರೆ ಎಂದು ಆಕೆ ಪೊಲೀಸರಿಗೆ ದೂರು ಕೊಟ್ಟಳು, ಕೇಸೂ ಆಯಿತು. ಅಲ್ಲಿ ಕಾಯಿಲೆ ನಿಜವಾಗಿತ್ತು, ಹಣವೂ ನಿಜವಾಗಿತ್ತು. ಜಗಳ ಆದದ್ದು ಮಧ್ಯದವರ ಜೊತೆ.

ಮರುವರ್ಷ, 2021ರ ಜುಲೈನಲ್ಲಿ, ಅಲ್ಲೇ ಎರಡು ಮಕ್ಕಳ ವಿಷಯ ನಡೆಯಿತು. ಇಬ್ಬರಿಗೂ ಎಸ್‌ಎಂಎ ಎಂಬ ಅಪರೂಪದ ನರ-ಸ್ನಾಯು ಕಾಯಿಲೆ. ಒಂದೇ ಡೋಸ್ ಔಷಧಿ, ಬೆಲೆ ಸುಮಾರು 18 ಕೋಟಿ. ಕಣ್ಣೂರು ಜಿಲ್ಲೆಯ ಮಗುವಿಗೆ ಶಾಸಕರು, ಗ್ರಾಮ ಪಂಚಾಯಿತಿಯವರು ಸೇರಿ ಒಂದು ಚಿಕಿತ್ಸಾ ಸಮಿತಿ ಮಾಡಿದರು. ಕೆಲವೇ ದಿನದಲ್ಲಿ 18 ಕೋಟಿ ಸೇರಿತು. ಸೇರಿದ ಕೂಡಲೇ ಅವರು ಮಾಡಿದ ಕೆಲಸ ಏನು ಗೊತ್ತೇ? ಸಾಕು, ಇನ್ನು ಯಾರೂ ಕಳಿಸಬೇಡಿ ಎಂದು ಬಹಿರಂಗವಾಗಿ ಹೇಳಿದರು. ಅಷ್ಟರಲ್ಲಿ ಹರಿದು ಬಂದದ್ದು ಲೆಕ್ಕ ಹಾಕಿದಾಗ 46 ಕೋಟಿ ದಾಟಿತ್ತು. ಅದನ್ನೂ ಊರ ಮುಂದೆ ಹೇಳಿದರು. ಹೆಚ್ಚಾದ ಹಣ ಇದೇ ಕಾಯಿಲೆಯ ಬೇರೆ ಮಕ್ಕಳಿಗೆ ಎಂದರು.

ಮಲಪ್ಪುರಂ ಜಿಲ್ಲೆಯ ಇನ್ನೊಂದು ಮಗುವಿಗೆ ಅದೃಷ್ಟ ಇರಲಿಲ್ಲ. 16 ಕೋಟಿ ಸೇರಿತ್ತು, ಔಷಧಿ ಬರುವ ಮುಂಚೆ ಮಗು ತೀರಿಕೊಂಡಿತು. ಹಾಗಾದರೆ ಆ ಹಣ ಯಾರದ್ದು? ತಂದೆ ತಾಯಿಯದ್ದೇ, ಕೊಟ್ಟವರದ್ದೇ, ಮುಂದಿನ ರೋಗಿಯದ್ದೇ? ಪ್ರಶ್ನೆ ಹೈಕೋರ್ಟಿನವರೆಗೆ ಹೋಯಿತು. ಕಂಡಕಂಡವರು ಜನರಿಂದ ಹಣ ಎತ್ತುವುದರ ಮೇಲೆ ಸರ್ಕಾರದ ನಿಗಾ ಇರಬೇಕು ಎಂಬ ಅರ್ಥದ ಮಾತನ್ನು ಕೇರಳ ಹೈಕೋರ್ಟ್ ಅದೇ ತಿಂಗಳು ಹೇಳಿತು.

ಕಣ್ಣೂರಿನವರು ನಮ್ಮ ಹಾಗೇ ಹಳ್ಳಿಯವರು. ಅವರಿಗೆ 46 ಕೋಟಿಯ ಲೆಕ್ಕ ಹೇಳಲು ಆಯಿತು. ನಮ್ಮವರಿಗೆ ಲಕ್ಷದ ಲೆಕ್ಕ ಹೇಳಲು ಆಗುತ್ತಿಲ್ಲ.

ಕಾನೂನು ಏನು ಮಾಡುತ್ತಿದೆ ಎಂದು ಕೇಳುತ್ತೀರಿ. ಸೆಬಿ 2014ರಲ್ಲಿ ಜನರಿಂದ ಆನ್‌ಲೈನ್‌ನಲ್ಲಿ ಹಣ ಸಂಗ್ರಹಿಸುವ ಬಗ್ಗೆ ಒಂದು ಚರ್ಚಾ ಪತ್ರ ತಂದಿತ್ತು. ಅದು ನೋಡಿದ್ದು ಷೇರು, ಹೂಡಿಕೆ ಕಡೆಗೆ, ದಾನದ ಕಡೆಗಲ್ಲ. ಹಾಗಂತ ಕೈಗೆ ಸಿಕ್ಕಿದ್ದೆಲ್ಲ ತಮ್ಮದು ಎಂದು ಯಾರೂ ತಿಳಿಯಬೇಕಿಲ್ಲ. ಒಂದು ಉದ್ದೇಶಕ್ಕೆ ಎಂದು ನಂಬಿ ಕೊಟ್ಟ ಹಣವನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿದರೆ ಅದು ನಂಬಿಕೆ ದ್ರೋಹ, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ. ಸುಳ್ಳು ಹೇಳಿ ಹಣ ಪಡೆದರೆ ವಂಚನೆ, 318ನೇ ಕಲಂ. ನೂರು ರೂಪಾಯಿ ಕೊಟ್ಟವನೂ ದೂರು ಕೊಡಬಹುದು. ಆನ್‌ಲೈನ್ ಮೋಸ ಎಂದು ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಬೇಕು, ತಡ ಮಾಡಿದಷ್ಟೂ ಹಣ ಕೈ ಬದಲಾಯಿಸಿ ಹೋಗಿರುತ್ತದೆ.

ಈಚೆಗೆ ಕೆಲವು ಪೋಸ್ಟರುಗಳಲ್ಲಿ 80ಜಿ ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ, ಸರ್ಕಾರದ ಮುದ್ರೆ ಎಂಬಂತೆ. 80ಜಿ ಎಂದರೆ ಆ ಸಂಸ್ಥೆಗೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ, ಅಷ್ಟೇ. ಒಬ್ಬ ವ್ಯಕ್ತಿಯ ಖಾತೆಗೆ, ಒಬ್ಬ ರೋಗಿಗೆ ನೇರವಾಗಿ ಹಾಕಿದ ಹಣಕ್ಕೆ ಅದು ಅನ್ವಯವೇ ಆಗುವುದಿಲ್ಲ. ನೀತಿ ಆಯೋಗದ ದರ್ಪಣ್ ಸಂಖ್ಯೆಯೂ ಹಾಗೆಯೇ, ಸಂಸ್ಥೆ ಹೆಸರು ನೋಂದಾಯಿಸಿದೆ ಎಂದು ಅರ್ಥ, ಪ್ರಾಮಾಣಿಕ ಎಂದು ಅಲ್ಲ. ಅಪ್ಲಿಕೇಶನ್‌ಗಳ ಮೂಲಕ ಹಣ ಎತ್ತುವ ದೊಡ್ಡ ಕಂಪನಿಗಳೂ ಇವೆ. ಅಲ್ಲಿ ಎಷ್ಟು ಬಂತು ಎಂಬುದಾದರೂ ಪರದೆ ಮೇಲೆ ಕಾಣುತ್ತದೆ. ಆದರೆ ಶುಲ್ಕ ಸೊನ್ನೆ ಎಂದು ಮೇಲೆ ಬರೆದು, ಕೆಳಗೆ ಟಿಪ್ ಎಂದು ಒಂದಷ್ಟು ಮೊತ್ತ ಮೊದಲೇ ತುಂಬಿಟ್ಟಿರುವುದೂ ಉಂಟು. ಅದನ್ನು ಸೊನ್ನೆ ಮಾಡಬಹುದು ಎಂದು ನೂರಕ್ಕೆ ಎಷ್ಟು ಜನ ನೋಡುತ್ತಾರೋ.

ನಮಗೆ ಎಲ್ಲಕ್ಕಿಂತ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ಆ ಪೋಸ್ಟರಿನಲ್ಲಿ 9 ಲಕ್ಷ ಎಂದಿದೆ. ಸರ್ಕಾರದ ಯೋಜನೆಯ ಹೆಸರು ಎಲ್ಲೂ ಇಲ್ಲ. ಹುಟ್ಟಿನಿಂದ ಬಂದ ಹೃದಯದ ತೊಂದರೆಗೆ ನಮ್ಮ ಮಕ್ಕಳಿಗೆ ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು 2013ರಿಂದ ಇದೆ, ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ತಪಾಸಣೆ ಮಾಡುತ್ತಾರಲ್ಲ, ಅದೇ. ಹೃದಯದ ರಂಧ್ರ ಅವರ ಪಟ್ಟಿಯಲ್ಲೇ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂದು ಒಬ್ಬರು ಕೂತಿರುತ್ತಾರೆ, ಮೊದಲು ಹುಡುಕಬೇಕಾದ ಮನುಷ್ಯ ಅವರು. ಕಷ್ಟ ಇಲ್ಲ ಎಂದು ನಾವು ಹೇಳುತ್ತಿಲ್ಲ. ರೆಫರಲ್ ಚೀಟಿಗೆ ಅಲೆಸುತ್ತಾರೆ, ಪಾಳಿ ಉದ್ದ ಇರುತ್ತದೆ, ಪಟ್ಟಿಯಲ್ಲಿ ಇಲ್ಲದ ಕಾಯಿಲೆ ಇರುತ್ತವೆ. ಅಪರೂಪದ ಕಾಯಿಲೆಗಳಿಗೆ ಕೇಂದ್ರದ ನೀತಿಯಲ್ಲಿ 50 ಲಕ್ಷದವರೆಗೆ ನೆರವಿದೆ, ಆದರೆ ಔಷಧಿಯೇ 16, 18 ಕೋಟಿ ಆದರೆ ಅದು ಯಾವ ಮೂಲೆಗೆ? ಅಂಥವರು ಜನರ ಮುಂದೆ ಕೈ ಚಾಚದೆ ಇನ್ನೇನು ಮಾಡುತ್ತಾರೆ. ಅವರಿಗೆ ಕೊಡಬೇಕು, ಕೈ ಬಿಚ್ಚಿ ಕೊಡಬೇಕು.

ಅಂಥವರ ಪಾಲನ್ನೇ ಈ ಪೋಸ್ಟರ್ ತಿನ್ನುತ್ತಿರುವುದು. ಯೋಜನೆಯಲ್ಲಿ ಪುಕ್ಕಟೆ ಆಗುವ ಆಪರೇಷನ್‌ಗೆ 9 ಲಕ್ಷ ಎಂದು ಹೇಳಿ ಎತ್ತಿದರೆ, ನಾಳೆ ನಿಜವಾಗಿಯೂ ದಾರಿ ಇಲ್ಲದ ಮನೆಯವರು ಕೇಳಿದಾಗ ಜನ ಏನೆನ್ನುತ್ತಾರೆ? ಆಗಲೇ ಶುರುವಾಗಿದೆ. ಹೋದ ವಾರ ಪಕ್ಕದ ಹೋಬಳಿಯಲ್ಲಿ ಎರಡೂ ಕಿಡ್ನಿ ಹೋದ ಒಬ್ಬ ಹುಡುಗನಿಗಾಗಿ ಅವನ ಅಕ್ಕ ಗ್ರೂಪಿನಲ್ಲಿ ಬರೆದಿದ್ದರು, ಆಸ್ಪತ್ರೆಯ ಕಾಗದ ಎಲ್ಲ ಹಾಕಿ. ಕೆಳಗೆ ಬಂದ ಮೊದಲ ಉತ್ತರ, ಇದೂ ದಂಧೆನಾ ಅಂತ. ಆಕೆ ಪೋಸ್ಟ್ ಅಳಿಸಿಬಿಟ್ಟರು.

ಕೊಡುವವರು ಕೇಳುವುದನ್ನು ಕಲಿಯಲಿ ಎಂದೇ ಇದನ್ನು ಬರೆಯುತ್ತಿರುವುದು. ಯಾವ ಆಸ್ಪತ್ರೆ, ರೋಗಿಯ ನಂಬರ್ ಏನು, ಆಸ್ಪತ್ರೆಯವರು ಬರೆದುಕೊಟ್ಟ ಅಂದಾಜು ಪಟ್ಟಿ ಎಲ್ಲಿ ಎಂದು ಕೇಳಿ. ಆರೋಗ್ಯ ಕರ್ನಾಟಕದವರು ಏನಂದರು ಎಂದು ಕೇಳಿ. ಸ್ಕ್ಯಾನ್ ಮಾಡಿದ ಮೇಲೆ ಪಿನ್ ಒತ್ತುವ ಮುಂಚೆ ಪರದೆ ಮೇಲೆ ಬರುವ ಹೆಸರನ್ನು ಓದಿ. ಅದು ಮನೆಯವರದ್ದೋ ಆಸ್ಪತ್ರೆಯದ್ದೋ ಅಲ್ಲದಿದ್ದರೆ ಯಾಕೆ ಅಲ್ಲ ಎಂದು ಕೇಳಿ. ಇವತ್ತಿಗೆ ಎಷ್ಟು ಬಂತು, ಇನ್ನೆಷ್ಟು ಬೇಕು, ಹೆಚ್ಚಾದರೆ ಏನು ಮಾಡುತ್ತೀರಿ ಎಂದು ಕೇಳಿ. ಊರು ಗೊತ್ತಿದ್ದರೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಒಂದು ಫೋನು ಮಾಡಿ, ಅವರಿಗೆ ಗೊತ್ತಿಲ್ಲದ ಕಾಯಿಲೆ ಆ ಊರಲ್ಲಿ ಇರುವುದಿಲ್ಲ. ನಿಜವಾದ ಕಷ್ಟದಲ್ಲಿರುವವರು ಇವಕ್ಕೆ ಉತ್ತರ ಕೊಡುತ್ತಾರೆ, ಆ ಅಕ್ಕ ಕೇಳುವ ಮುಂಚೆಯೇ ಕೊಟ್ಟಿದ್ದರು. ಗ್ರೂಪ್ ಅಡ್ಮಿನ್‌ಗಳಿಗೂ ಒಂದು ಮಾತು. ರಾಜಕೀಯ ಹಾಕಬೇಡಿ, ಗುಡ್ ಮಾರ್ನಿಂಗ್ ಹಾಕಬೇಡಿ ಎಂದು ನಿಯಮ ಮಾಡುತ್ತೀರಲ್ಲ, ಸಹಾಯ ಕೇಳುವ ಪೋಸ್ಟರಿನ ಜೊತೆ ದಿನಾಂಕ ಮತ್ತು ಆಸ್ಪತ್ರೆ ಕಾಗದ ಇರಲೇಬೇಕು ಎಂದೂ ಒಂದು ಸೇರಿಸಿ. ಪ್ರಶ್ನೆ ಕೇಳಿದವರನ್ನು ತೆಗೆದುಹಾಕುವ ಮುಂಚೆ ಪೋಸ್ಟರ್ ಹಾಕಿದವರ ಉತ್ತರಕ್ಕೆ ಒಂದು ದಿನ ಕಾಯಿರಿ.

ಇನ್ನು ಆ ಖಾತೆಯವರಿಗೆ. ಸಾರ್, ನಿಮ್ಮ ಬ್ಯಾಂಕ್‌ನಲ್ಲಿ ಕೇಳಿದರೆ ಮೂರು ತಿಂಗಳ ಸ್ಟೇಟ್‌ಮೆಂಟ್ ಕೊಡುತ್ತಾರೆ, ಫೋನಿನಲ್ಲೇ ಡೌನ್‌ಲೋಡೂ ಆಗುತ್ತದೆ. ಈ ಮಗುವಿಗೆ ಬಂದದ್ದು ಇಷ್ಟು, ಮನೆಗೆ ಕೊಟ್ಟದ್ದು ಇಷ್ಟು, ಖರ್ಚು ಇಷ್ಟು, ಉಳಿದದ್ದು ಇಷ್ಟು ಎಂದು ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಮಗುವಿನ ಊರಿನ ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ. ಉಳಿದದ್ದನ್ನು ಆ ತಂದೆಯ ಬ್ಯಾಂಕ್ ಖಾತೆಗೆ ಹಾಕಿ, ನಗದು ಬೇಡ, ಫೋಟೋ ಬೇಡ. ಪೋಸ್ಟರ್ ಹೋದ ಎಲ್ಲ ಗ್ರೂಪಿಗೂ, ಆಪರೇಷನ್ ಆಗಿದೆ, ಇನ್ನು ಯಾರೂ ಹಣ ಹಾಕಬೇಡಿ ಎಂದು ನಿಮ್ಮ ಅದೇ ನಂಬರಿನಿಂದ ಕಳಿಸಿ. ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ. ಆಮೇಲೆ ನಮ್ಮ ಹತ್ತಿರ ಇರುವ ಸ್ಕ್ರೀನ್‌ಶಾಟ್‌ಗಳ ಜೊತೆ, ಹಣ ಹಾಕಿದ ಮೂವರು ಸ್ಟೇಷನ್‌ಗೆ ಹೋಗಲು ತಯಾರಿದ್ದಾರೆ. ಲೆಕ್ಕ ಬಂದರೆ ಅದನ್ನು ಇದೇ ಜಾಗದಲ್ಲಿ, ಇದೇ ಅಳತೆಯ ಅಕ್ಷರದಲ್ಲಿ, ಒಂದು ಪೈಸೆ ಬಿಡದೆ ಹಾಕುತ್ತೇವೆ.